ಕಾಗದದ ಮೇಲೆ ಚದುರಂಗ ಆಡಿಸಿದ ಅಲನ್ ಟ್ಯೂರಿಂಗ್

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನರಿಗೆ ಚದುರಂಗ ಬರುತ್ತದೆ? ಬಾರದಿದ್ದರೂ ಚಿಂತೆಯಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಕಲ್ಲುಹಾಸಿನ ಮೇಲೆ ಗೆರೆ ಎಳೆದು ಆಡುವ ಆಡು-ಹುಲಿ ಆಟವನ್ನಾದರೂ ನೋಡಿರುತ್ತೀರಿ. ನಾನು ಈ ಕಾಯಿ ನಡೆಸಿದರೆ ಅವನು ಏನು ಮಾಡಿಯಾನು ಎಂದು ಯೋಚಿಸುತ್ತೀರಲ್ಲವೇ? ಈ ಯೋಚನೆಯನ್ನು ಯಂತ್ರಕ್ಕೆ ಕಲಿಸಲು ಸಾಧ್ಯವೇ ಎಂದು ಕೇಳಿಕೊಂಡವರಲ್ಲಿ ಮೊದಲಿಗರು ಅಲನ್ ಟ್ಯೂರಿಂಗ್.

ಟ್ಯೂರಿಂಗ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದರು. ಆದರೆ ಅವರ ಮನೆತನಕ್ಕೂ ನಮ್ಮ ದೇಶಕ್ಕೂ ಹತ್ತಿರದ ನಂಟಿದೆ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿ. ಪಾವಗಡವನ್ನು ಮೂರು ಕಡೆ ಸುತ್ತಿಕೊಂಡಿರುವ ಆಂಧ್ರದ ಸೀಮೆ ಆಗ ಆ ಪ್ರಾಂತ್ಯಕ್ಕೇ ಸೇರಿತ್ತು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ತಾತ ಮದ್ರಾಸ್ ರೈಲ್ವೆಯ ಎಂಜಿನಿಯರ್. ತಂದೆತಾಯಿ ಇಲ್ಲಿ ಇರಬೇಕಾಗಿದ್ದರಿಂದ ಅಲನ್ ಮತ್ತು ಅಣ್ಣ ಜಾನ್ ಇಂಗ್ಲೆಂಡಿನಲ್ಲಿ ಬೇರೊಬ್ಬರ ಮನೆಯಲ್ಲಿ ಬೆಳೆದರು.

1926ರಲ್ಲಿ ಹೊಸ ಶಾಲೆಗೆ ಸೇರಬೇಕಾದ ದಿನವೇ ದೇಶದಾದ್ಯಂತ ಮುಷ್ಕರ. ರೈಲಿಲ್ಲ. ಬಾಲಕ ಅಲನ್ ಸೈಕಲ್ ಹತ್ತಿ ಸುಮಾರು 97 ಕಿ.ಮೀ. ತುಳಿದು ಶಾಲೆ ತಲುಪಿದ! ದೊಡ್ಡವರಾದ ಮೇಲೆ ಓಟದ ಹುಚ್ಚು ಹಿಡಿಯಿತು. 1947ರಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದರು.

ಕೇಂಬ್ರಿಡ್ಜಿನಲ್ಲಿ ಗಣಿತ ಓದಿದ ಟ್ಯೂರಿಂಗ್ 1936ರಲ್ಲಿ ಒಂದು ಪ್ರಬಂಧ ಬರೆದರು. ಉದ್ದನೆಯ ಪಟ್ಟಿಯ ಮೇಲೆ ಒಂದೊಂದೇ ಗುರುತನ್ನು ಓದುತ್ತ, ಅಳಿಸುತ್ತ, ಬರೆಯುತ್ತ ಹೋಗುವ ಕಾಲ್ಪನಿಕ ಯಂತ್ರ ಅದರಲ್ಲಿತ್ತು. ಸರಿಯಾದ ಸೂಚನೆಗಳನ್ನು ಕೊಟ್ಟರೆ ಒಂದೇ ಯಂತ್ರ ಬೇರೆ ಬೇರೆ ಕೆಲಸಗಳನ್ನೆಲ್ಲ ಮಾಡಬಲ್ಲದು ಎಂದು ಅವರು ತೋರಿಸಿಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎನಿಗ್ಮಾ ಎಂಬ ಗುಪ್ತಲಿಪಿಯನ್ನು ಒಡೆಯುವ ಕೆಲಸ ಅವರ ಪಾಲಿಗೆ ಬಂತು. ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ನಡೆದ ಈ ಕೆಲಸ ಎಷ್ಟು ರಹಸ್ಯವಾಗಿತ್ತೆಂದರೆ, ಅವರು ಬದುಕಿರುವವರೆಗೂ ಜನರಿಗೆ ಅದು ತಿಳಿಯಲೇ ಇಲ್ಲ.

ಗುಪ್ತಲಿಪಿ ಒಡೆಯುವವರ ತಂಡದಲ್ಲಿ ಹ್ಯೂ ಅಲೆಕ್ಸಾಂಡರ್‌ರಂತಹ ಹೆಸರಾಂತ ಚದುರಂಗ ಆಟಗಾರರಿದ್ದರು. ಟ್ಯೂರಿಂಗ್ ಮಾತ್ರ ಈ ಆಟದಲ್ಲಿ ಬಹಳ ಸಾಧಾರಣ! ಯಂತ್ರಕ್ಕೆ ಆಟ ಕಲಿಸಲು ಹೊರಟವರು ಅವರೇ ಎಂಬುದು ನನಗಂತೂ ತುಂಬಾ ಇಷ್ಟವಾದ ಸಂಗತಿ. ಬಹುಶಃ ಚೆನ್ನಾಗಿ ಆಡುವವನು ಕಾಯಿ ನಡೆಸಿಬಿಡುತ್ತಾನೆ, ಯಾಕೆ ನಡೆಸಿದೆ ಎಂದು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ.

1948ರಲ್ಲಿ ಗೆಳೆಯ ಡೇವಿಡ್ ಚಾಂಪರ್ನೌನ್ ಜೊತೆ ಸೇರಿ ಅವರು ಆಟದ ನಿಯಮಾವಳಿಯೊಂದನ್ನು ರೂಪಿಸಿದರು. ಇಬ್ಬರ ಹೆಸರನ್ನೂ ಸೇರಿಸಿ ಅದನ್ನು ಟ್ಯೂರೊಚಾಂಪ್ ಎಂದು ಕರೆಯುತ್ತಾರೆ. ಅದರಲ್ಲಿ ಪ್ರತಿ ಕಾಯಿಗೂ ಬೆಲೆಯಿತ್ತು. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ ಮೂರೂವರೆ, ಆನೆಗೆ 5, ಮಂತ್ರಿಗೆ 10. ಆಟ ಶುರುವಾಗುವಾಗ ರಾಜನನ್ನು ಬಿಟ್ಟು ಒಂದು ಪಕ್ಷದ ಒಟ್ಟು ಬೆಲೆ ಎಷ್ಟಾಯಿತು? ಕೂಡಿ ನೋಡಿ, 41 ಬರುತ್ತದೆ.

ಈಗ ಎದುರಾಳಿ ಒಂದು ಕುದುರೆ ಕಳೆದುಕೊಂಡ ಎನ್ನಿ. ಅವನಿಗೆ ಉಳಿದದ್ದು 38. ಟ್ಯೂರಿಂಗ್ ಇವೆರಡನ್ನು ಕಳೆಯಲಿಲ್ಲ, ಭಾಗಿಸಿದರು. 41ನ್ನು 38ರಿಂದ ಭಾಗಿಸಿದರೆ ಸುಮಾರು 1.08. ಆಮೇಲೆ ಇಬ್ಬರೂ ಒಂದೊಂದು ಆನೆ, ಒಂದೊಂದು ಮಂತ್ರಿ ಕಳೆದುಕೊಂಡರೆ? 26 ಭಾಗಿಸು 23, ಅಂದರೆ ಸುಮಾರು 1.13. ವ್ಯತ್ಯಾಸ ಅದೇ 3, ಆದರೆ ಭಾಗಲಬ್ಧ ಹೆಚ್ಚಾಯಿತು! ಮುಂದಿರುವವನು ಸಮನಾಗಿ ಕಾಯಿಗಳನ್ನು ಬದಲಾಯಿಸಿಕೊಂಡರೆ ಅವನಿಗೇ ಲಾಭ ಎಂಬ ಆಟಗಾರರ ಅನುಭವ ಒಂದು ಭಾಗಾಕಾರದಲ್ಲಿ ಅಡಗಿ ಕುಳಿತಿದೆ.

ಆದರೆ ಲೆಕ್ಕದ ಹೊರೆ ನೋಡಿ. ಮೊದಲ ನಡೆಗೆ 20 ದಾರಿಗಳಿವೆ: ಎಂಟು ಕಾಲಾಳುಗಳಿಗೆ ಎರಡೆರಡು, ಎರಡು ಕುದುರೆಗಳಿಗೆ ಎರಡೆರಡು. ಪ್ರತಿಯೊಂದಕ್ಕೂ ಎದುರಾಳಿಯ ಉತ್ತರಗಳು 20. ಒಟ್ಟು 400! ಆಟ ಬಿಚ್ಚಿಕೊಂಡಂತೆ ಇದು ಇನ್ನೂ ಬೆಳೆಯುತ್ತದೆ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ 1951ರಲ್ಲಿ ಫೆರಾಂಟಿ ಮಾರ್ಕ್ 1 ಕಂಪ್ಯೂಟರ್ ಬಂತು. ಅದರ ಕೈಪಿಡಿ ಬರೆದವರೂ ಟ್ಯೂರಿಂಗ್ ಅವರೇ. ಆ ಯಂತ್ರದ ಭಾಷೆ ಭಾರಿ ಕಷ್ಟ. ಕಾಗದದ ಪಟ್ಟಿಯ ಮೇಲೆ ಐದೈದು ತೂತುಗಳ ಸಂಕೇತ, ಸೊನ್ನೆಗೆ ಒಂದು ಓರೆಗೆರೆ. ಅದೇ ವರ್ಷ ಡೀಟ್ರಿಕ್ ಪ್ರಿನ್ಜ್ ಎಂಬವರು ಎರಡು ನಡೆಗಳಲ್ಲಿ ರಾಜನನ್ನು ಕಟ್ಟಿಹಾಕುವ ಸಮಸ್ಯೆಯನ್ನು ಆ ಯಂತ್ರದಿಂದ ಬಿಡಿಸಿದರು. ಪೂರ್ತಿ ಆಟ ಅದಕ್ಕೆ ಹೊರೆಯಾಗುತ್ತಿತ್ತು. ಟ್ಯೂರಿಂಗ್ ತಮ್ಮ ನಿಯಮಗಳನ್ನು ಯಂತ್ರಕ್ಕೆ ಅಳವಡಿಸಲು ಆರಂಭಿಸಿದರೂ ಕೆಲಸ ಮುಗಿಯಲಿಲ್ಲ.

ಹಾಗಾದರೆ ಏನು ಮಾಡಿದರು ಗೊತ್ತೇ? ತಾವೇ ಕಂಪ್ಯೂಟರ್ ಆದರು! 1952ರಲ್ಲಿ ಆಲಿಕ್ ಗ್ಲೆನ್ನಿ ಎಂಬವರನ್ನು ಎದುರಿಗೆ ಕೂರಿಸಿಕೊಂಡು, ಹಾಳೆಯಲ್ಲಿನ ನಿಯಮಗಳ ಪ್ರಕಾರ ಕೈಯಲ್ಲೇ ಲೆಕ್ಕ ಹಾಕಿ ಒಂದೊಂದೇ ಕಾಯಿ ನಡೆಸಿದರು. ಮಂತ್ರಿಯನ್ನು ಕಳೆದುಕೊಂಡ ಕಾಗದದ ಯಂತ್ರ 29ನೇ ನಡೆಯಲ್ಲಿ ಸೋಲೊಪ್ಪಿಕೊಂಡಿತು.

ಗೆದ್ದ ಗ್ಲೆನ್ನಿಯವರ ಹೆಸರನ್ನೂ ನೆನಪಿಡಿ. ಅದೇ 1952ರಲ್ಲಿ ಅವರು ಆಟೋಕೋಡ್ ರಚಿಸಿದರು. ಬೀಜಗಣಿತದ ಸಮೀಕರಣದಂತೆ ಬರೆದುಕೊಟ್ಟರೆ ಅದನ್ನು ಯಂತ್ರವೇ ತನ್ನ ತೂತುಗಳ ಭಾಷೆಗೆ ಅನುವಾದಿಸಿಕೊಳ್ಳುವ ವ್ಯವಸ್ಥೆ ಅದು. ಇಂದು ಉನ್ನತ ಮಟ್ಟದ ಭಾಷೆಗಳೆಂದು ಕರೆಯುವ ಫೋರ್ಟ್ರಾನ್, ಸಿ, ಪೈಥಾನ್ ಮೊದಲಾದವು ನಡೆದದ್ದು ಇದೇ ದಾರಿಯಲ್ಲಿ. ಟ್ಯೂರಿಂಗ್ ಬಯಸಿದ ನಿಯಮಾವಳಿಯನ್ನು ಇಂತಹ ಭಾಷೆಯಲ್ಲಾದರೆ ಕಾಲೇಜು ವಿದ್ಯಾರ್ಥಿಯೊಬ್ಬ ಬರೆಯಬಲ್ಲ.

ಅದೇ ವರ್ಷ ಟ್ಯೂರಿಂಗ್ ಅವರ ಬದುಕಿಗೆ ದೊಡ್ಡ ಪೆಟ್ಟು ಬಿತ್ತು. ಒಬ್ಬ ಗಂಡಸು ಇನ್ನೊಬ್ಬ ಗಂಡಸನ್ನು ಪ್ರೀತಿಸಿ ಜೊತೆಗಿರುವುದು ಆಗ ಬ್ರಿಟನ್ನಿನಲ್ಲಿ ಅಪರಾಧವಾಗಿತ್ತು. ಆ ಕಾನೂನಿನಡಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಜೈಲಿನ ಬದಲಿಗೆ ಹಾರ್ಮೋನು ಚಿಕಿತ್ಸೆ ಒಪ್ಪಿಕೊಳ್ಳಬೇಕಾಯಿತು. ಅದು ಅವರ ದೇಹವನ್ನೇ ಕೆಡಿಸಿತು. ಯುದ್ಧಕಾಲದಲ್ಲಿ ದೇಶದ ಗುಟ್ಟು ಕಾಪಾಡಿದವರನ್ನು ಗುಟ್ಟಿನ ಕೆಲಸಗಳಿಂದ ಹೊರಗಿಡಲಾಯಿತು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಅವರು ತೀರಿಕೊಂಡರು. ವಯಸ್ಸು 41. ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ. ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ. ತಡವಾಯಿತು, ಬಹಳ ತಡವಾಯಿತು. 2021ರಲ್ಲಿ ಅವರ ಚಿತ್ರ ಅಲ್ಲಿನ 50 ಪೌಂಡ್ ನೋಟಿನ ಮೇಲೆ ಬಂತು.

ಟ್ಯೂರಿಂಗ್ ಹುಟ್ಟಿ 100 ವರ್ಷವಾದಾಗ, 2012ರಲ್ಲಿ, ಅವರ ನಿಯಮಗಳನ್ನು ನಿಜವಾದ ಕಂಪ್ಯೂಟರಿಗೆ ಅಳವಡಿಸಿ ಮ್ಯಾಂಚೆಸ್ಟರಿನಲ್ಲಿ ಆಟಕ್ಕಿಳಿಸಿದರು. ಎದುರಾಳಿ ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್! ಅವರು 16 ನಡೆಗಳಲ್ಲಿ ಗೆದ್ದರು. ಇದಕ್ಕಾಗಿ ನಿಯಮಗಳನ್ನು ಮತ್ತೆ ಬರೆಯುವಾಗ ಒಂದು ತಮಾಷೆ ಬೆಳಕಿಗೆ ಬಂತು. 1952ರ ಆಟದ ಕೆಲವು ನಡೆಗಳು ಹಾಳೆಯ ನಿಯಮಗಳಿಗೆ ಹೊಂದುತ್ತಿರಲಿಲ್ಲ. ಕಂಪ್ಯೂಟರ್ ಆಗಿ ಕುಳಿತಿದ್ದ ಟ್ಯೂರಿಂಗ್, ಅಷ್ಟೆಲ್ಲ ಲೆಕ್ಕ ಮಾಡಿ ಬೇಸತ್ತು, ಅಲ್ಲಲ್ಲಿ ಅಡ್ಡದಾರಿ ಹಿಡಿದಿದ್ದರೇನೋ!