ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯಮ್ಮನವರ ಚರಿತ್ರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಾದ ನಮಗೆ ಬಸವಿ ಬಿಡುವುದು, ಮುತ್ತು ಕಟ್ಟುವುದು ಎಂಬ ಮಾತುಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಗಂಡುಸಂತಾನವಿಲ್ಲದಾಗ, ಬೇನೆ ಬಂದು ಹರಕೆ ಹೊತ್ತಾಗ, ಹುಡುಗಿಯ ತಲೆಯಲ್ಲಿ ಜಡೆಗಟ್ಟಿದಾಗ, ಏನೂ ಅರಿಯದ ಆ ಕೂಸಿನ ಕೊರಳಿಗೆ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಬಿಡುತ್ತಿದ್ದರು. ಆ ತರುವಾಯ ಆಕೆಗೆ ಮದುವೆಯಿಲ್ಲ. ಆಕೆಯ ಮಕ್ಕಳಿಗೆ ಹೇಳಿಕೊಳ್ಳಲು ತಂದೆಯ ಹೆಸರಿಲ್ಲ. ಬಳ್ಳಾರಿ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಈ ಬಂಧನವನ್ನು ಕಾಯಿದೆಯಿಂದ ಬಿಡಿಸಲು ಮುಂದಾಗಿ ನಿಂತವರು ಮುತ್ತುಲಕ್ಷ್ಮಿ ರೆಡ್ಡಿಯಮ್ಮನವರು. ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಇವರು 1886ನೆಯ ಇಸವಿ ಜುಲೈ 30ರಂದು ತಮಿಳು ಸೀಮೆಯ ಪುದುಕೋಟೆ ಸಂಸ್ಥಾನದಲ್ಲಿ ಹುಟ್ಟಿದರು. ತಂದೆ ನಾರಾಯಣಸ್ವಾಮಿ ಅಯ್ಯರವರು ವಿದ್ಯಾವಂತರು, ಅಲ್ಲಿಯ ಮಹಾರಾಜಾ ಕಾಲೇಜಿನ ಮುಖ್ಯಸ್ಥರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಆದಕಾರಣ ಲೋಕದ ತಾತ್ಸಾರವು ಎಂಥದೆಂಬುದನ್ನು ಈ ಮಗಳು ಪುಸ್ತಕದಿಂದ ಕಲಿಯಲಿಲ್ಲ, ತಾಯಿಯ ಮಡಿಲಲ್ಲಿಯೇ ಕಂಡಳು.

ಕಾಲೇಜು ಸೇರುವ ಸಮಯ ಬಂದಾಗ, ಗಂಡುಮಕ್ಕಳ ನಡುವೆ ಹೆಣ್ಣು ಕೂತು ಓದಬಾರದೆಂದು ಹಲವರು ಅಡ್ಡಿಮಾಡಿದರು. ಪುದುಕೋಟೆಯ ಅರಸರು ಅದನ್ನು ಲಕ್ಷಿಸದೆ ಅಪ್ಪಣೆಯನ್ನೂ ವಿದ್ಯಾರ್ಥಿವೇತನವನ್ನೂ ಕೊಟ್ಟರು. 1907ರಲ್ಲಿ ಮದ್ರಾಸಿನ ವೈದ್ಯಕಾಲೇಜನ್ನು ಸೇರಿ, 1912ರಲ್ಲಿ ಪದವಿಯನ್ನು ಹೊಂದಿದರು. 1914ರಲ್ಲಿ ಡಾಕ್ಟರ್ ಸುಂದರ ರೆಡ್ಡಿಯವರನ್ನು ಮದುವೆಯಾದರು. ತನ್ನನ್ನು ಸರಿಸಮಾನಳೆಂದು ನಡೆಸಿಕೊಳ್ಳಬೇಕೆಂಬ ಕರಾರಿನ ಮೇಲೆಯೇ ಒಪ್ಪಿದರು.

1927ರಲ್ಲಿ ಇವರು ಮದ್ರಾಸು ಶಾಸನಸಭೆಯಲ್ಲಿ ಕೂತ ಮೊದಲನೆಯ ಸ್ತ್ರೀಯಾದರು. ಸಭೆಯವರು ಏಕಮನಸ್ಸಿನಿಂದ ಇವರನ್ನೇ ಉಪಾಧ್ಯಕ್ಷರನ್ನಾಗಿ ಆರಿಸಿದರು. ಅದೇ ವರುಷ ಹೆಣ್ಣುಮಕ್ಕಳನ್ನು ಗುಡಿಗೆ ಬಿಡುವುದು ನಿಲ್ಲಬೇಕೆಂಬ ಠರಾವನ್ನು ತಂದರು. ಮೈಸೂರು ಸಂಸ್ಥಾನವು 1909ರಲ್ಲಿಯೇ ತನ್ನ ಗುಡಿಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಆದುದರಿಂದ ಇದು ಆಗದ ಕೆಲಸವೆಂದು ಯಾರೂ ಹೇಳುವಂತಿರಲಿಲ್ಲ.

ಇಲ್ಲಿ ಅವರ ವಿವೇಕವನ್ನು ನೋಡಿರಿ. ಗುಡಿಯ ಸೇವೆಗೆಂದು ಅನೇಕ ಮನೆತನಗಳಿಗೆ ಇನಾಂ ಭೂಮಿಯಿತ್ತು. ಮಗಳನ್ನು ಬಿಡದಿದ್ದರೆ ಭೂಮಿ ಹೋಗುವುದು. ಭೂಮಿ ಹೋದರೆ ಅನ್ನವೂ ಹೋಗುವುದು. ಹೀಗಿರಲಾಗಿ ಬರಿಯ ಬುದ್ಧಿವಾದದಿಂದ ಏನಾದೀತು? 1929ರ ಕಾಯಿದೆಯ ಮೂಲಕ ಆ ಭೂಮಿಯನ್ನು ಸೇವೆಯ ಹಂಗಿನಿಂದ ಬಿಡಿಸಿ, ಅನುಭವಿಸುತ್ತಿದ್ದವರಿಗೇ ಉಳಿಸಿಕೊಟ್ಟರು.

ವಿರೋಧವೂ ಬಂತು. ದೊಡ್ಡ ದೊಡ್ಡವರು ಇದು ಧರ್ಮಕ್ಕೂ ಕಲೆಗೂ ಕೇಡೆಂದರು. ಸಂಗೀತದಲ್ಲಿ ಹೆಸರುವಾಸಿಯಾದ ಬೆಂಗಳೂರು ನಾಗರತ್ನಮ್ಮನವರೂ ಅವರ ಸಂಗಡಿಗರೂ, ತಮ್ಮೆಲ್ಲರನ್ನೂ ಕೆಟ್ಟವರೆಂದು ಎಣಿಸುವುದು ಅನ್ಯಾಯವೆಂದು ಆಕ್ಷೇಪಿಸಿದರು. ಈ ಮಾತಿನಲ್ಲಿ ನೋವಿತ್ತು, ನಾವು ಅದನ್ನು ಹಗುರವಾಗಿ ತಿಳಿಯಬಾರದು. ಆದರೆ ಮುತ್ತು ಕಟ್ಟಿಸಿಕೊಳ್ಳುವ ಕೂಸನ್ನು ನಿನಗೆ ಒಪ್ಪಿಗೆಯೋ ಎಂದು ಕೇಳಿದವರು ಯಾರು?

1930ರಲ್ಲಿ ಗಾಂಧಿಯವರನ್ನು ಸರಕಾರದವರು ಸೆರೆಹಿಡಿದಾಗ, ರೆಡ್ಡಿಯಮ್ಮನವರು ಶಾಸನಸಭೆಯ ಸ್ಥಾನವನ್ನು ಬಿಟ್ಟುಕೊಟ್ಟರು. ಆ ದಿನಗಳಲ್ಲಿ ಗುಡಿಗೆ ಬಿಡುವುದನ್ನು ತಪ್ಪಿಸಿಕೊಂಡು ಬಂದ ಹುಡುಗಿಯರಿಗೆ ಬೇರೆಲ್ಲಿಯೂ ಇಂಬು ಸಿಕ್ಕಲಿಲ್ಲ. ಇವರು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಅದರಿಂದಲೇ ಅವ್ವೈ ಇಲ್ಲಂ ಎಂಬ ಆಶ್ರಯವು ಉಂಟಾಯಿತು. ಅಲ್ಲಿ ಜಾತಿಯನ್ನು ಕೇಳುತ್ತಿರಲಿಲ್ಲ.

ಅವರು ಹಚ್ಚಿದ ಕೆಲಸವು 1947ರಲ್ಲಿ ಫಲಕ್ಕೆ ಬಂತು. ಮದ್ರಾಸು ದೇವದಾಸಿ ಕಾಯಿದೆಯು ಹೆಣ್ಣುಮಕ್ಕಳನ್ನು ಬಿಡುವುದನ್ನು ಅಪರಾಧವೆಂದು ಸಾರಿ, ಬಿಟ್ಟ ಸ್ತ್ರೀಗೆ ಮದುವೆಯಾಗುವ ಹಕ್ಕನ್ನು ಕೊಟ್ಟಿತು. ನಮ್ಮ ಸೀಮೆಯ ಕೂಲಿಗಾರರ ಮನೆಗಳಲ್ಲಿ ಇನಾಂ ಭೂಮಿ ಎಲ್ಲಿತ್ತು? ಇವರಿಗೆ ಹೆಚ್ಚು ಬೇಕಾದದ್ದು ಈ ಎರಡನೆಯ ಕಾಯಿದೆಯೇ.

ತಂಗಿಯು ಕ್ಯಾನ್ಸರಿನಿಂದ ಸತ್ತ ದುಃಖವನ್ನು ಮರೆಯದೆ, 1954ರಲ್ಲಿ ಮದ್ರಾಸಿನ ಅಡಯಾರಿನಲ್ಲಿ ಆ ರೋಗಕ್ಕಾಗಿಯೇ ಆಸ್ಪತ್ರೆಯನ್ನು ಸ್ಥಾಪಿಸಿದರು. 1956ರಲ್ಲಿ ಪದ್ಮಭೂಷಣ ದೊರೆಯಿತು. 1968ರ ಜುಲೈ 22ರಂದು ತೀರಿಕೊಂಡರು.

ಕಾಯಿದೆ ಬಂದರೂ ಪದ್ಧತಿಯು ಒಡನೆ ಸಾಯಲಿಲ್ಲ. 1953ರಲ್ಲಿ ನಮ್ಮ ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. 1982ರಲ್ಲಿ ಕರ್ನಾಟಕವು ಇನ್ನೂ ಬಿಗಿಯಾದ ಕಾಯಿದೆಯನ್ನು ಮಾಡಿ, ಮಗಳನ್ನು ಬಿಡುವ ತಂದೆತಾಯಿಗೂ ಸೆರೆವಾಸವನ್ನು ವಿಧಿಸಿತು. ಹೀಗಿದ್ದರೂ 2007–08ರ ಹೊತ್ತಿಗೆ ಸರಕಾರದ ಲೆಕ್ಕದಲ್ಲಿ ರಾಜ್ಯದ ದೇವದಾಸಿಯರು 46,660 ಮಂದಿ. ಬಡತನವೂ ಹೆದರಿಕೆಯೂ ಇರುವ ತನಕ ಗುಟ್ಟಾಗಿ ಮುತ್ತು ಕಟ್ಟುವವರು ಇರುವರು.

ಸಹೋದರ ಸಹೋದರಿಯರೇ, ಈ ಚರಿತ್ರೆಯಿಂದ ನಾವು ಎರಡು ಸಂಗತಿಗಳನ್ನು ಕಲಿಯೋಣ. ಉಚ್ಚಂಗಿದುರ್ಗದ ಜಾತ್ರೆಯಲ್ಲಾಗಲಿ ಮನೆಯ ಮೂಲೆಯಲ್ಲಾಗಲಿ ಕೂಸನ್ನು ಬಿಡುವ ಸುದ್ದಿ ಕಿವಿಗೆ ಬಿದ್ದರೆ, ನಮಗೇಕೆ ಎನ್ನದೆ ಪೋಲೀಸಿನವರಿಗಾಗಲಿ 1098 ಎಂಬ ಮಕ್ಕಳ ಸಹಾಯವಾಣಿಗಾಗಲಿ ಆ ದಿನವೇ ತಿಳಿಸಬೇಕು. ಇನ್ನೊಂದು, ಬಿಟ್ಟವರ ಪಾಪವನ್ನು ಬಿಡಲ್ಪಟ್ಟವಳ ತಲೆಗೆ ಕಟ್ಟಬಾರದು. ಅಂಥ ತಾಯಿಯು ಆರಾಧನೆಗೆ ಬಂದರೆ ಚಾಪೆಯ ಮೇಲೆ ನಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಆಕೆಯ ಮಗಳಿಗೆ ಗಂಡು ನೋಡುವಾಗ ತಂದೆ ಯಾರೆಂದು ಕೇಳಿ ಹಿಂದೆ ಸರಿಯದಿರೋಣ. ಮುತ್ತುಲಕ್ಷ್ಮಿಯಮ್ಮನವರೂ ಅಂಥ ಮನೆತನದ ಮೊಮ್ಮಗಳೇ ಆಗಿದ್ದರು.