ರಣಧೀರ ಕಂಠೀರವರು: ಅಖಾಡದ ಗೆಲವೂ ಕೋಟೆಯ ಗೆಲವೂ

ನವರಾತ್ರಿಯು ಸಮೀಪಿಸಿತೆಂದರೆ ನಮ್ಮ ಸೀಮೆಯ ಗರಡಿಗಳಲ್ಲಿ ಒಂದು ಬಗೆಯ ಸಂಭ್ರಮವು ತಾನಾಗಿಯೇ ಮೂಡುವುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಜನರಿಗೆ ಮೈಸೂರಿನ ದಸರಾ ಎಂದರೆ ಆನೆ ಅಂಬಾರಿಗಳಷ್ಟೇ ಅಲ್ಲ. ಅಖಾಡದ ಕೆಮ್ಮಣ್ಣು ಸಹ ದಸರಾ. ಆ ಕುಸ್ತಿಗಳಲ್ಲಿ ಗೆದ್ದವರಿಗೆ ಸಲ್ಲುವ ಬಿರುದುಗಳಲ್ಲಿ ದಸರಾ ಕಂಠೀರವ ಎಂಬುದೂ ಒಂದು. ಬೆಂಗಳೂರಿನ ದೊಡ್ಡ ಕ್ರೀಡಾಂಗಣಕ್ಕೂ ಅದೇ ಹೆಸರು. ಹೆಸರು ಎಲ್ಲರ ನಾಲಗೆಯ ಮೇಲಿದೆ. ಆದರೆ ಆ ಹೆಸರನ್ನು ಹೊತ್ತಿದ್ದ ಪುರುಷನು ಯಾರು, ಆತನ ಬಾಳಿನಿಂದ ಮಲ್ಲವಿದ್ಯೆಯನ್ನು ಅಭ್ಯಸಿಸುವವರು ಕಲಿಯಬೇಕಾದುದೇನು ಎಂಬುದನ್ನು ಬಿರುದು ಕೊಡುವವರೂ ಪಡೆಯುವವರೂ ಯೋಚಿಸಿದಂತೆ ಕಾಣುವುದಿಲ್ಲ. ಆದುದರಿಂದ ನಾವು ಇಂದು ಆ ಚರಿತ್ರೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಕಂಠೀರವ ನರಸರಾಜ ಒಡೆಯರು ಜನಿಸಿದುದು 1615ರಲ್ಲಿ. ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯ ಕೈಯಿಂದ ಪಡೆದು, 1610ರಲ್ಲಿ ಅಲ್ಲಿ ಮಹಾನವಮಿಯ ಉತ್ಸವವನ್ನು ಆರಂಭಿಸಿದ ರಾಜ ಒಡೆಯರು ಇವರಿಗೆ ದೊಡ್ಡಪ್ಪಂದಿರ ಸಾಲಿನವರು. ತಂದೆಯವರಾದ ಬೆಟ್ಟದ ಚಾಮರಾಜ ಒಡೆಯರು ಸಿಂಹಾಸನವನ್ನೇರಲಿಲ್ಲ. ಹೀಗಾಗಿ ಕಂಠೀರವರ ಯೌವನವು ರಾಜಧಾನಿಯ ವೈಭವದಿಂದ ದೂರವಾಗಿ, ಇಂದಿನ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಲ್ಲಿ ಕಳೆಯಿತು. ಸಿಂಹಾಸನದ ಆಸೆಯನ್ನು ಇಟ್ಟುಕೊಳ್ಳಲು ಕಾರಣವೇ ಇಲ್ಲದ ತರುಣನಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದುದು ದೇಹಬಲವೊಂದೇ. ಅವರು ಅದನ್ನೇ ಸಾಧಿಸಿದರು. ಗರಡಿಯ ಸಾಮು, ಕತ್ತಿವರಸೆ, ಮಲ್ಲವಿದ್ಯೆ ಇವುಗಳಲ್ಲಿ ಅವರಿಗೆ ಸಮಾನರು ಸುತ್ತಿನ ಸೀಮೆಯಲ್ಲಿ ಇರಲಿಲ್ಲವೆಂಬ ಖ್ಯಾತಿಯು ಹಬ್ಬಿತು.

ಅವರ ಹೆಸರನ್ನು ಚಿರಸ್ಥಾಯಿಯಾಗಿ ಮಾಡಿದ ಪಂದ್ಯವು ನಡೆದುದು ಕನ್ನಡ ನಾಡಿನಲ್ಲಲ್ಲ, ತಿರುಚಿರಾಪಳ್ಳಿಯಲ್ಲಿ. ಮಧುರೆಯ ನಾಯಕರ ಸೀಮೆಗೆ ಸೇರಿದ್ದ ಆ ಪಟ್ಟಣದಲ್ಲಿ ಒಬ್ಬ ಜಟ್ಟಿಯಿದ್ದನು. ಎದುರಾದವರನ್ನೆಲ್ಲ ಸೋಲಿಸಿ ಅವನಿಗೆ ಅಹಂಕಾರವು ತಲೆಗೇರಿತ್ತು. ತನ್ನ ಚಲ್ಲಣವನ್ನು ಊರಬಾಗಿಲಿನ ಮೇಲೆ ಕಟ್ಟಿಸಿದ್ದನಂತೆ. ಆ ಬಾಗಿಲಿನಲ್ಲಿ ಹಾದುಹೋಗುವವರೆಲ್ಲರೂ ಅದರ ಕೆಳಗೆ ನುಸುಳಿಯೇ ಹೋಗಬೇಕು. ಹೋದವನು ತಾನು ಜಟ್ಟಿಗೆ ಕೀಳೆಂದು ಒಪ್ಪಿಕೊಂಡಂತೆ. ಒಪ್ಪದವನು ಅಖಾಡಕ್ಕೆ ಇಳಿಯಬೇಕು. ಈ ಸುದ್ದಿಯು ತೆರಕಣಾಂಬಿಗೆ ತಲಪಿತು. ಕಂಠೀರವರು ತಮ್ಮ ಕುಲಗೋತ್ರಗಳನ್ನು ಮರೆಮಾಡಿ, ಸಾಮಾನ್ಯ ಸಿಪಾಯಿಯಂತೆ ವೇಷ ಧರಿಸಿ, ಘಟ್ಟವನ್ನಿಳಿದು ತಿರುಚಿರಾಪಳ್ಳಿಗೆ ಹೋದರು. ಆಸ್ಥಾನದವರೂ ಊರವರೂ ನೋಡುತ್ತಿದ್ದಂತೆ ಆ ಜಟ್ಟಿಯೊಡನೆ ಸೆಣಸಿ ಅವನನ್ನು ಕೆಡವಿದರು. ಅದು ಕತ್ತಿಯ ಕಾಳಗವೆಂದು ಹೇಳುವವರುಂಟು, ಮಲ್ಲಯುದ್ಧವೆಂದು ಹೇಳುವವರೂ ಉಂಟು. ಆ ಕಾಲದ ಜಟ್ಟಿಗೆ ಎರಡೂ ಒಂದೇ ವಿದ್ಯೆಯ ಎರಡು ಕೈಗಳು. ಎರಡರಲ್ಲಿಯೂ ಪಣವಾಗಿ ಇಡುತ್ತಿದ್ದುದು ಪ್ರಾಣವನ್ನೇ. ಅಹಂಕಾರಿಯು ಆ ದಿನ ಪ್ರಾಣವನ್ನು ತೆತ್ತನೆಂದು ಐತಿಹ್ಯವು ಹೇಳುತ್ತದೆ.

ಇಷ್ಟು ಕಥೆಯನ್ನು ನಮ್ಮ ಹಳ್ಳಿಗಳ ಮುದುಕರೆಲ್ಲರೂ ಹೇಳಬಲ್ಲರು. 1960ರಲ್ಲಿ ರಾಜಕುಮಾರರು ರಣಧೀರ ಕಂಠೀರವನಾಗಿ ಬೆಳ್ಳಿತೆರೆಯ ಮೇಲೆ ಬಂದ ಮೇಲಂತೂ ಮಕ್ಕಳಿಗೂ ಈ ಹೆಸರು ಪರಿಚಿತವಾಯಿತು. ಆದರೆ ನಮ್ಮ ಮನಸ್ಸನ್ನು ಸೆಳೆಯುವುದು ಪಂದ್ಯಕ್ಕಿಂತ ಹೆಚ್ಚಾಗಿ ಪಂದ್ಯವು ಮುಗಿದ ಮೇಲಿನ ರಾತ್ರಿ. ಗೆದ್ದ ಅಪರಿಚಿತನಿಗೆ ಸನ್ಮಾನಗಳು ಕಾದಿದ್ದವು. ಅವರು ಅದಾವುದಕ್ಕೂ ನಿಲ್ಲಲಿಲ್ಲ. ತಾವು ಯಾರೆಂಬುದನ್ನು ಹೇಳದೆ, ಯಾರಿಗೂ ತಿಳಿಯದಂತೆ ಹೊರಟು ತೆರಕಣಾಂಬಿಯನ್ನು ಸೇರಿಕೊಂಡರು. ಊರಬಾಗಿಲಿನಲ್ಲಿ ತಮ್ಮ ಚಲ್ಲಣವನ್ನು ಕಟ್ಟಲಿಲ್ಲ. ಕಟ್ಟಿದ್ದುದನ್ನು ಇಳಿಸಿದುದೇ ಅವರಿಗೆ ಸಾಕಾಯಿತು. ಒಬ್ಬನ ಬಲವು ಊರಿಗೇ ಅವಮಾನವಾಗಿ ಪರಿಣಮಿಸಿದಾಗ ಅದನ್ನು ಮುರಿಯುವುದು ಧರ್ಮ. ಮುರಿದ ಬಳಿಕ ಆ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳದಿರುವುದು ಅದಕ್ಕಿಂತ ದೊಡ್ಡ ಧರ್ಮ.

ಇದಾದ ಸ್ವಲ್ಪ ಕಾಲದಲ್ಲಿಯೇ ವಿಧಿಯು ಅವರನ್ನು ಶ್ರೀರಂಗಪಟ್ಟಣಕ್ಕೆ ಕರೆಯಿತು. ಇಮ್ಮಡಿ ರಾಜ ಒಡೆಯರು ಸಿಂಹಾಸನವನ್ನೇರಿ ಒಂದೆರಡು ವರ್ಷಗಳೊಳಗೆ, ದಳವಾಯಿ ವಿಕ್ರಮರಾಜನ ಕುತಂತ್ರದಿಂದ ವಿಷಪ್ರಯೋಗಕ್ಕೆ ಬಲಿಯಾದರು. 1638ರಲ್ಲಿ ಕಂಠೀರವರಿಗೆ ಪಟ್ಟವಾಯಿತು. ಆಗ ಅವರ ವಯಸ್ಸು 23. ತನ್ನ ಕೈಗೊಂಬೆಯಾಗುವ ಅರಸನನ್ನು ಬಯಸಿದ್ದ ದಳವಾಯಿಯು ತಿರುಚಿರಾಪಳ್ಳಿಯ ಜಟ್ಟಿಯಂತೆಯೇ ಲೆಕ್ಕ ತಪ್ಪಿದನು. ಸ್ವಾಮಿದ್ರೋಹಕ್ಕೆ ತಕ್ಕ ಶಿಕ್ಷೆಯು ಅವನಿಗೆ ಬೇಗನೆ ದೊರೆಯಿತು. ಮರುವರ್ಷವೇ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಬೆಂಗಳೂರನ್ನು ಗೆದ್ದ ಉತ್ಸಾಹದಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದನು. ಹೊಸ ಅರಸರು ಆ ಮುತ್ತಿಗೆಯನ್ನು ಹಿಮ್ಮೆಟ್ಟಿಸಿ ರಾಜ್ಯವನ್ನು ಉಳಿಸಿಕೊಂಡರು. ರಣಧೀರ ಎಂಬ ವಿಶೇಷಣವು ಬರಿಯ ಹೊಗಳಿಕೆಯಲ್ಲವೆಂಬುದು ಅಂದು ಸ್ಥಿರವಾಯಿತು.

ಬಲಶಾಲಿಗಳಾದ ಅರಸರು ಅನೇಕರು ಆಗಿ ಹೋಗಿದ್ದಾರೆ. ತಮ್ಮ ಬಲವನ್ನು ವ್ಯವಸ್ಥೆಯನ್ನಾಗಿ ಮಾರ್ಪಡಿಸಿದವರು ವಿರಳ. ಕಂಠೀರವರು ಶ್ರೀರಂಗಪಟ್ಟಣದ ಕೋಟೆಯನ್ನು ಬಲಪಡಿಸಿದರು. ನರಸಿಂಹ ದೇವಾಲಯವನ್ನು ಕಟ್ಟಿಸಿದರು. ಆ ದೇವಾಲಯದಲ್ಲಿ ಅವರದೇ ಶಿಲಾವಿಗ್ರಹವನ್ನು ಇಂದಿಗೂ ಕಾಣಬಹುದು. ಟಂಕಸಾಲೆಯನ್ನು ಸ್ಥಾಪಿಸಿ ನರಸಿಂಹನ ಮೂರ್ತಿಯುಳ್ಳ ಕಂಠೀರಾಯ ಹಣವೆಂಬ ಚಿನ್ನದ ನಾಣ್ಯವನ್ನು ಹೊರಡಿಸಿದರು. ಅಂಥ 10 ಹಣಗಳಿಗೆ ಒಂದು ಕಂಠೀರಾಯ ವರಹವೆಂಬುದು ಲೆಕ್ಕ. ದಿವಾನ್ ಪೂರ್ಣಯ್ಯನವರ ಕಾಲದ ಸರ್ಕಾರಿ ಲೆಕ್ಕಗಳಲ್ಲಿಯೂ ಈ ವರಹವೇ ನಡೆಯುತ್ತಿತ್ತೆಂದರೆ, ಒಬ್ಬ ಮಲ್ಲನ ಹೆಸರು ಒಂದೂವರೆ ಶತಮಾನದ ಬಳಿಕವೂ ಶಾನುಭೋಗರ ಕಡತಗಳಲ್ಲಿ ಜೀವಂತವಾಗಿತ್ತೆಂದಾಯಿತು.

ಮಲ್ಲವಿದ್ಯೆಗೂ ಅವರು ರಾಜಾಶ್ರಯವನ್ನು ಕೊಟ್ಟರು. ಅವರ ಆಸ್ಥಾನಕವಿ ಗೋವಿಂದವೈದ್ಯನು 1648ರಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯವೆಂಬ ಸಾಂಗತ್ಯ ಕಾವ್ಯದಲ್ಲಿ ಶ್ರೀರಂಗಪಟ್ಟಣದ ಮಹಾನವಮಿಯ ವಿಸ್ತಾರವಾದ ವರ್ಣನೆಯುಂಟು. ಅರಸರ ಸಮ್ಮುಖದಲ್ಲಿ ನಡೆಯುತ್ತಿದ್ದ ಜಟ್ಟಿಗಳ ಕಾಳಗವೂ ಅದರಲ್ಲಿ ಸೇರಿದೆ. ಆ ಪರಂಪರೆಯ ಕುರುಹಾಗಿ ವಿಜಯದಶಮಿಯ ದಿವಸ ಮೈಸೂರರಮನೆಯ ಆವರಣದಲ್ಲಿ ವಜ್ರಮುಷ್ಟಿ ಕಾಳಗವು ನಡೆಯುತ್ತ ಬಂದಿದೆ. ತಲೆ ಬೋಳಿಸಿಕೊಂಡು, ಕಾಸೆ ಬಿಗಿದು, ಬಲಗೈಗೆ ವಜ್ರಮುಷ್ಟಿಯನ್ನು ತೊಟ್ಟು ಇಬ್ಬರು ಜಟ್ಟಿಗಳು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತದ ಹನಿಯು ಕಂಡೊಡನೆ ಕಾಳಗವನ್ನು ನಿಲ್ಲಿಸುತ್ತಾರೆ. ನೋಡುವವರಿಗೆ ಇದು ಕ್ಷಣಮಾತ್ರದ ಆಟ. ಆದರೆ ಆ ನಿಯಮದ ಅರ್ಥವು ಗಂಭೀರವಾದುದು. ಮೊದಲ ಹನಿಗೆ ಕೈ ತಡೆಯಬೇಕು. ಕೆರಳಿದ ತೋಳು ಆಜ್ಞೆಗೆ ಬಗ್ಗಬೇಕು. ಹೊಡೆಯುವುದನ್ನು ಕಲಿಯಲು ಬೇಕಾದಷ್ಟೇ ಸಾಧನೆಯು ನಿಲ್ಲುವುದನ್ನು ಕಲಿಯಲೂ ಬೇಕು.

ನಾಡಕುಸ್ತಿಯ ಮರ್ಯಾದೆಗಳೂ ಇದನ್ನೇ ಹೇಳುತ್ತವೆ. ಮೊದಲು ಜೋಡಿ ಕಟ್ಟುತ್ತಾರೆ. ತೂಕವನ್ನೂ ಅನುಭವವನ್ನೂ ನೋಡಿ ಸಮಸಮರನ್ನು ಎದುರುಬದುರು ನಿಲ್ಲಿಸುತ್ತಾರೆ. ಅಖಾಡದ ಮಣ್ಣನ್ನು ಹಣೆಗೊತ್ತಿಕೊಂಡು ಇಳಿಯುತ್ತಾರೆ. ಬೆನ್ನು ಮಣ್ಣಿಗೆ ತಾಗಿದೊಡನೆ ಪಂದ್ಯವು ಮುಗಿಯಿತು. ಗೆದ್ದವನು ಸೋತವನನ್ನು ಕೈಹಿಡಿದು ಎಬ್ಬಿಸಬೇಕು. ಈ ಸಂಯಮದ ಪಾಠವು ನಮ್ಮ ಸೀಮೆಗೇ ಮೀಸಲಾದುದಲ್ಲ. 1910ರಲ್ಲಿ ಲಂಡನ್ ಪಟ್ಟಣದಲ್ಲಿ ಗಾಮಾ ಪೈಲ್ವಾನರು ಪೋಲೆಂಡಿನ ಜಿಬಿಸ್ಕೊನೊಡನೆ ಎರಡೂವರೆ ತಾಸಿಗೂ ಮಿಗಿಲಾಗಿ ಸೆಣಸಿದರು, ಪಂದ್ಯವು ತೀರಲಿಲ್ಲ. ಮುಂದಿನ ವಾಯಿದೆಗೆ ಎದುರಾಳಿಯು ಬಾರದೆ ಹೋದುದರಿಂದ ಗಾಮಾ ಅವರೇ ಗೆದ್ದರೆಂದು ತೀರ್ಮಾನವಾಯಿತು. 1928ರಲ್ಲಿ ಪಟಿಯಾಲಾದಲ್ಲಿ ಅದೇ ಇಬ್ಬರೂ ಪುನಃ ಎದುರಾದಾಗ ಒಂದು ನಿಮಿಷದೊಳಗೆ ಜಿಬಿಸ್ಕೊನ ಬೆನ್ನು ಮಣ್ಣನ್ನು ಕಂಡಿತು. ಪರಾಧೀನವಾಗಿದ್ದ ಭಾರತವು ಆ ಗೆಲವಿನಿಂದ ತಲೆಯೆತ್ತಿತು. ಆದರೂ ಸೋತವನು ಮರಳಿ ಬಂದು ಎದುರು ನಿಲ್ಲುವುದಕ್ಕೆ ಹದಿನೆಂಟು ವರ್ಷಗಳ ಬಳಿಕವೂ ಅವಕಾಶವಿತ್ತು. ಅಖಾಡದ ಸೋಲು ಕೊನೆಯ ಸೋಲಲ್ಲ. ಇದೇ ಅದರ ಹಿರಿಮೆ.

ಯುದ್ಧದ ಸೋಲು ಹಾಗಲ್ಲ. ಕಂಠೀರವರ ಚರಿತ್ರೆಯನ್ನು ಪಿರಿಯಾಪಟ್ಟಣದ ಕೋಟೆಯ ಬುಡದಲ್ಲಿ ನಿಂತು ಓದುವವನಿಗೆ ಈ ಮಾತು ಬೇಗನೆ ತಿಳಿಯುತ್ತದೆ. ಹುಣಸೂರು ಪಿರಿಯಾಪಟ್ಟಣಗಳ ಸೀಮೆಯು ಆಗ ಚಂಗಾಳ್ವ ಅರಸರದು. ಮೈಸೂರಿನ ಮನೆತನವು ತಲೆಯೆತ್ತುವುದಕ್ಕೆ ಬಹುಕಾಲ ಮೊದಲೇ ಇವರು ಇಲ್ಲಿ ಆಳುತ್ತಿದ್ದರು. ಸೂಪಶಾಸ್ತ್ರವನ್ನೂ ಸಮ್ಯಕ್ತ್ವ ಕೌಮುದಿಯನ್ನೂ ಬರೆದ ಕಲ್ಲಹಳ್ಳಿಯ ಮಂಗರಸನು ಈ ಅರಸರ ಆಶ್ರಯದ ಮನೆತನದವನು. ಕುಮಾರರಾಮನ ಸಾಹಸವನ್ನು ಸಾಂಗತ್ಯದಲ್ಲಿ ಹಾಡಿದ ನಂಜುಂಡ ಕವಿಯು ಚಂಗಾಳ್ವ ವಂಶದವನೇ. ವೀರವನ್ನು ಬಲ್ಲ, ವೀರವನ್ನು ಹಾಡಬಲ್ಲ ಸೀಮೆಯಿದು. 1645ರ ಸುಮಾರಿಗೆ ಕಂಠೀರವರ ಸೈನ್ಯವು ಪಿರಿಯಾಪಟ್ಟಣವನ್ನು ಮುತ್ತಿತು. ಅಲ್ಲಿ ಜೋಡಿ ಕಟ್ಟುವವರಿರಲಿಲ್ಲ. ಮೊದಲ ಹನಿಗೆ ಕಾಳಗವನ್ನು ನಿಲ್ಲಿಸುವವರೂ ಇರಲಿಲ್ಲ. ಕೋಟೆಯು ಇನ್ನು ಉಳಿಯದೆಂದು ಕಂಡಾಗ ಚಂಗಾಳ್ವ ವೀರರಾಜ ಅರಸರು ಶತ್ರುವಿನ ಕೈಗೆ ಸಿಕ್ಕಬಾರದೆಂದು ತಮ್ಮ ಮಡದಿ ಮಕ್ಕಳನ್ನು ತಾವೇ ಕೊಂದು, ಕತ್ತಿ ಹಿಡಿದು ಹೊರಬಿದ್ದು ಕಾದಿ ಮಡಿದರೆಂದು ಚರಿತ್ರೆಯು ಹೇಳುತ್ತದೆ. ಶತಮಾನಗಳ ಮನೆತನವೊಂದು ಅಲ್ಲಿಗೆ ಮುಗಿಯಿತು.

ಈ ಸಂಗತಿಯನ್ನು ಹೇಳಿ ಒಡೆಯರ ಕೀರ್ತಿಗೆ ಕುಂದು ತರುವುದು ನಮ್ಮ ಉದ್ದೇಶವಲ್ಲ. ಸುತ್ತಲೂ ಬಿಜಾಪುರ, ಮಧುರೆ, ಇಕ್ಕೇರಿಗಳು ಹೊಂಚಿ ಕುಳಿತಿದ್ದ ಕಾಲದಲ್ಲಿ ರಾಜ್ಯವನ್ನು ಕಟ್ಟಿದವರು ಅವರು. ಕಟ್ಟದಿದ್ದರೆ ಇಂದಿನ ಮೈಸೂರು ಸೀಮೆಯ ಸ್ವರೂಪವೇ ಬೇರೆಯಾಗುತ್ತಿತ್ತು. ಆದರೆ ಒಂದೇ ಬಾಳಿನಲ್ಲಿ ಎರಡು ಗೆಲವುಗಳು ನಮ್ಮ ಕಣ್ಣೆದುರಿಗಿವೆ. ತಿರುಚಿರಾಪಳ್ಳಿಯಲ್ಲಿ ಕೆಡೆದುದು ಒಬ್ಬನ ಅಹಂಕಾರ. ಗೆದ್ದವರು ಹೆಸರನ್ನೂ ಹೇಳದೆ ಹೊರಟುಹೋದರು. ಪಿರಿಯಾಪಟ್ಟಣದಲ್ಲಿ ಕೆಡೆದುದು ಒಂದು ವಂಶ. ಗೆದ್ದವರು ಹೊರಟುಹೋಗಲಿಲ್ಲ, ಹೋಗಲು ರಾಜನೀತಿಯು ಬಿಡುತ್ತಲೂ ಇರಲಿಲ್ಲ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಜನರು ಅರಸರನ್ನು ಪ್ರೀತಿಯಿಂದ ನೆನೆಯುವುದು ಯಾವ ಗೆಲವಿಗಾಗಿ? ಗೆದ್ದ ಕೋಟೆಗಳ ಪಟ್ಟಿಯನ್ನು ಬಲ್ಲವರು ವಿದ್ವಾಂಸರು ಮಾತ್ರ. ಊರಬಾಗಿಲಿನ ಚಲ್ಲಣವನ್ನು ಇಳಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಇದು ಜನತೆಯ ತೀರ್ಪು. ನಾವು ಅದನ್ನು ಒಪ್ಪುತ್ತೇವೆ.

1659ರಲ್ಲಿ, ತಮ್ಮ 44ನೆಯ ವಯಸ್ಸಿನಲ್ಲಿ ಕಂಠೀರವರು ಕಾಲವಾದರು. ಸುಮಾರು 21 ವರ್ಷ ರಾಜ್ಯವಾಳಿದ ಅವರ ಬಳಿಕ ದೊಡ್ಡದೇವರಾಜ ಒಡೆಯರಿಗೆ ಪಟ್ಟವಾಯಿತು. ರಾಜ್ಯಗಳು ಹೋದವು, ಸಿಂಹಾಸನಗಳೂ ಹೋದವು. ಕಂಠೀರಾಯ ಹಣವು ಇಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದಿದೆ. ಕೆಮ್ಮಣ್ಣು ಮಾತ್ರ ಉಳಿದಿದೆ, ಅದೂ ಅಲ್ಲಲ್ಲಿ. ಹಿಂದೆ ಹಳ್ಳಿಯ ಹುಡುಗರು ಬೆಳಗಿನ ಜಾವಕ್ಕೆದ್ದು ಮಣ್ಣು ಅಗೆದು, ಮಜ್ಜಿಗೆ ಅರಿಸಿನ ಬೆರೆಸಿ ಹದಮಾಡುತ್ತಿದ್ದ ಗರಡಿಗಳಲ್ಲಿ ಅನೇಕವು ಈಗ ಬಾಗಿಲು ಮುಚ್ಚಿವೆ; ತೆರೆದಿರುವವೂ ಮಾಡು ಸೋರುತ್ತ ನಿಂತಿವೆ. ದಸರೆಯ ಹತ್ತು ದಿನ ಪೈಲ್ವಾನನನ್ನು ಹೆಗಲ ಮೇಲೆ ಹೊತ್ತು ಮೆರೆಸಿ, ಉಳಿದ ದಿನಗಳಲ್ಲಿ ಅವನು ಹಾಲು ತುಪ್ಪಗಳಿಗೆ ಏನು ಮಾಡುವನೆಂದು ಕೇಳದಿರುವುದು ನ್ಯಾಯವಲ್ಲ. ಪುರಸಭೆಗಳೂ ಪಂಚಾಯಿತಿಗಳೂ ತಮ್ಮ ತಮ್ಮ ಊರಿನ ಒಂದೊಂದು ಗರಡಿಯನ್ನಾದರೂ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಹೊರಬೇಕು. ಇದಕ್ಕೆ ಬೇಕಾದುದು ದೊಡ್ಡ ಮೊತ್ತವಲ್ಲ, ಮನಸ್ಸು.

ಇನ್ನೊಂದು ಮಾತು. ದಸರಾ ಕಂಠೀರವನೆಂಬ ಬಿರುದನ್ನು ಕೊಡುವಾಗ ಸೋತವನ ಹೆಸರನ್ನೂ ಅದೇ ಗೌರವದಿಂದ ಅದೇ ವೇದಿಕೆಯ ಮೇಲೆ ಸಾರುವ ಪದ್ಧತಿಯು ಬರಲಿ. ಪಿರಿಯಾಪಟ್ಟಣದ ಕೋಟೆಯ ಬಳಿ ವೀರರಾಜ ಅರಸರ ಹೆಸರಿನ ಒಂದು ಸಾಧಾರಣ ಕಲ್ಲಾದರೂ ನಿಲ್ಲಲಿ. ಗೆದ್ದವರಿಗೆ ಬಿರುದು, ನಾಣ್ಯ, ಕಾವ್ಯ ಎಲ್ಲವೂ ದೊರೆತಿವೆ. ಎದುರು ನಿಂತು ಬಿದ್ದವರಿಗೆ ನೆನಪನ್ನಾದರೂ ಕೊಡುವುದು ಈ ಸೀಮೆಯ ಋಣ. ಚಲ್ಲಣವನ್ನು ಇಳಿಸಿ, ಹೆಸರು ಹೇಳದೆ ನಡೆದುಹೋದ ಆ ತರುಣ ಮಲ್ಲನು ಇಂದು ನಮ್ಮ ನಡುವೆ ಇದ್ದಿದ್ದರೆ ಇದಕ್ಕೆ ಮೊದಲು ಸಮ್ಮತಿಸುವವನು ಅವನೇ ಎಂದು ನಾವು ನಂಬುತ್ತೇವೆ.