ಕಾರ್ಡ್ ಫ್ಯಾಕ್ಟರಿಯ ಮೆಂಟೆನೆನ್ಸ್ ಎಂಜಿನಿಯರ್

ಕಳೆದ ತಿಂಗಳು ಮೂರನೇ ಸಲವೂ ಆಪ್ಟಿಟ್ಯೂಡ್ ರೌಂಡ್‌ನಲ್ಲೇ ಔಟ್ ಆದೆ. ಇಂಟರ್ನ್‌ಶಿಪ್‌ಗೆ ಹುಡುಗರನ್ನು ಆರಿಸಲು ಬಂದಿದ್ದ ಕಂಪನಿ ಅದು. ಲಿಸ್ಟ್ ಕ್ಲಾಸ್ ಗ್ರೂಪ್‌ಗೆ ಬಂತು. ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ, ನನ್ನ ಯುಎಸ್‌ಎನ್ ಇರಲಿಲ್ಲ. ನಾನು ಓದುತ್ತಿರುವುದು ಬಿಇ ಆರನೇ ಸೆಮ್, ಎಲೆಕ್ಟ್ರಾನಿಕ್ಸ್. ಕಂಪ್ಯೂಟರ್ ಸೈನ್ಸ್ ಸಿಕ್ಕದೆ ಇದಕ್ಕೆ ಬಂದವರು ಅಂತ ನಮ್ಮನ್ನು ಕರುಣೆಯಿಂದ ನೋಡುವವರು ಬಹಳ. ಅಪ್ಪನಿಗೆ ಫೋನ್ ಮಾಡಿ ಏನು ಹೇಳುವುದು ಗೊತ್ತಾಗದೆ, ಎರಡು ದಿನ ರಜೆ ಇದೆ ಎಂದು ಸುಳ್ಳು ಹೇಳಿ ತಿಪಟೂರಿನ ಹತ್ತಿರದ ನಮ್ಮೂರಿಗೆ ಬಸ್ ಹತ್ತಿದೆ.

ಮನೆಯಲ್ಲಿ ಸುಮ್ಮನೆ ಕೂರಲಾಗದೆ ಅಟ್ಟ ಹತ್ತಿದ್ದೆ. ಅಲ್ಲೊಂದು ಹಳೇ ಬಿಸ್ಕತ್ತಿನ ಡಬ್ಬ. ಒಳಗೆ ಬೂದು ಬಣ್ಣದ, ಇಟ್ಟಿಗೆಯಂಥ ಗೇಮ್ ಬಾಯ್! ಚಿಕ್ಕಪ್ಪ ದುಬೈನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ತೊಂಬತ್ತರ ದಶಕದಲ್ಲಿ ತಂದದ್ದಂತೆ. ಹಿಂದೆ ಟೆಟ್ರಿಸ್ ಕ್ಯಾಸೆಟ್ ಸಿಕ್ಕಿಕೊಂಡೇ ಇತ್ತು. ಒಳಗಿದ್ದ ನಾಲ್ಕು ಸೆಲ್ ಲೀಕ್ ಆಗಿ ಸ್ಪ್ರಿಂಗ್‌ಗಳ ಮೇಲೆಲ್ಲ ಬಿಳಿ-ಹಸಿರು ಪುಡಿ. ಹಳೇ ಟೂತ್‌ಬ್ರಷ್‌ಗೆ ನಿಂಬೆರಸ ಹಚ್ಚಿ ಉಜ್ಜಿದೆ. ಆ ಪುಡಿ ಕ್ಷಾರ, ನಿಂಬೆಹುಳಿ ಆಮ್ಲ, ಒಂಬತ್ತನೇ ಕ್ಲಾಸಿನ ಕೆಮಿಸ್ಟ್ರಿ ಅಷ್ಟೆ. ಒಣಗಿಸಿ, ಗೋಡೆ ಗಡಿಯಾರಕ್ಕೆ ಹಾಕುವ ನಾಲ್ಕು ಸೆಲ್ ತುರುಕಿ ಸ್ವಿಚ್ ಒತ್ತಿದೆ. ಮೇಲಿನಿಂದ ಕಂಪನಿಯ ಹೆಸರು ನಿಧಾನ ಇಳಿದು ಬಂದು ಟಿಂಗ್ ಅಂತು. ಪಡಸಾಲೆಯಲ್ಲಿದ್ದ ಚಿಕ್ಕಪ್ಪ ಆ ಸದ್ದಿಗೇ ಎದ್ದು ಬಂದರು.

ಸ್ಕ್ರೀನ್‌ನಲ್ಲಿ ಐದಾರು ಉದ್ದ ಗೆರೆಗಳು ಮಾತ್ರ ಮಾಯವಾಗಿದ್ದವು. ಬೆಂಗಳೂರಿಗೆ ವಾಪಸ್ ಬಂದು ಎಸ್.ಪಿ. ರೋಡ್‌ನಲ್ಲಿ ಮೂರು ಮೂಲೆಯ ಸ್ಕ್ರೂಡ್ರೈವರ್ ಹುಡುಕಿ ಕೊಂಡೆ. ಬಿಚ್ಚಿ, ಡಿಸ್‌ಪ್ಲೇ ಕೆಳಗಿನ ರಿಬ್ಬನ್ ಮೇಲೆ ಸೋಲ್ಡರಿಂಗ್ ಐರನ್ ಮೆಲ್ಲಗೆ ಎಳೆದೆ. ಬಿಟ್ಟುಹೋಗಿದ್ದ ಅಂಟು ಬಿಸಿಗೆ ಮತ್ತೆ ಹಿಡಿದುಕೊಂಡಿತು. ಗೆರೆಗಳು ಒಂದೊಂದಾಗಿ ವಾಪಸ್ ಬಂದವು. ಮೂವತ್ತು ವರ್ಷದ ಹಿಂದಿನ ವಸ್ತು ಇಷ್ಟು ಸುಲಭವಾಗಿ ಬದುಕುತ್ತದೆ ಎಂದರೆ ಇದನ್ನು ಮಾಡಿದವನು ಯಾರು ಎಂಬ ಕುತೂಹಲ ಹುಟ್ಟಿತು. ಹುಡುಕಿದಾಗ ಸಿಕ್ಕಿದ ಹೆಸರು ಗುನ್‌ಪೇ ಯೊಕೋಯಿ. ರೆಟ್ರೊ ಗೇಮ್ ಸಂಗ್ರಹಿಸುವವರಿಗೆ ಈ ಹೆಸರು ದೇವರಂತೆ. ನನಗೆ ಮಾತ್ರ ಆತ ಕಂಡದ್ದು ಪ್ಲೇಸ್‌ಮೆಂಟ್ ಸಿಗದ ಸೀನಿಯರ್ ಥರ.

ಯೊಕೋಯಿ ಹುಟ್ಟಿದ್ದು 1941ರಲ್ಲಿ, ಜಪಾನಿನ ಕ್ಯೋಟೊ ನಗರದಲ್ಲಿ. ಅಲ್ಲಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ. ಓದಿನಲ್ಲಿ ಹೇಳಿಕೊಳ್ಳುವಂಥವನೇನಲ್ಲ. ಜಪಾನ್ ಆಗ ಟಿವಿ, ರೇಡಿಯೊ ಮಾಡಿ ಜಗತ್ತಿಗೆಲ್ಲ ಕಳಿಸುತ್ತಿದ್ದ ಕಾಲ. ಎಲೆಕ್ಟ್ರಾನಿಕ್ಸ್ ಪದವೀಧರನಿಗೆ ದೊಡ್ಡ ಕಂಪನಿಯೇ ಗುರಿ. ಅಲ್ಲೆಲ್ಲ ಅರ್ಜಿ ಹಾಕಿದ, ಎಲ್ಲೂ ಆಗಲಿಲ್ಲ. ಕೊನೆಗೆ 1965ರಲ್ಲಿ ಮನೆಗೆ ಹತ್ತಿರ ಎಂಬ ಕಾರಣಕ್ಕೆ ಒಂದು ಹಳೇ ಇಸ್ಪೀಟ್ ಎಲೆ ಕಂಪನಿಗೆ ಸೇರಿದ. 1889ರಿಂದ ಹನಾಫುದಾ ಎಂಬ ಹೂವಿನ ಚಿತ್ರದ ಎಲೆಗಳನ್ನು ಮಾಡಿ ಮಾರುತ್ತಿದ್ದ ಆ ಕಂಪನಿಯ ಹೆಸರು ನಿಂಟೆಂಡೊ. ಇವನ ಕೆಲಸ ಎಲೆ ತಯಾರಿಸುವ ಯಂತ್ರಗಳ ಮೆಂಟೆನೆನ್ಸ್.

ಯಂತ್ರ ಸರಿಯಿದ್ದರೆ ಮೆಂಟೆನೆನ್ಸ್‌ನವನಿಗೆ ಕೆಲಸವಿಲ್ಲ. ಬೇಜಾರು ಕಳೆಯಲು ಯೊಕೋಯಿ ಫ್ಯಾಕ್ಟರಿಯ ಯಂತ್ರಗಳಲ್ಲೇ ಏನೇನೋ ಆಟಿಕೆ ಮಾಡಿಕೊಳ್ಳುತ್ತಿದ್ದ. ಅದರಲ್ಲೊಂದು, ಕತ್ತರಿಯಂತೆ ಅಡ್ಡಡ್ಡ ಜೋಡಿಸಿದ ಪಟ್ಟಿಗಳ ಕೈ. ಹಿಡಿಕೆ ಒತ್ತಿದರೆ ಮುಂದಕ್ಕೆ ಚಾಚಿ ವಸ್ತುವನ್ನು ಹಿಡಿಯುತ್ತದೆ. ಒಂದು ದಿನ ಕಂಪನಿಯ ಅಧ್ಯಕ್ಷ ಹಿರೋಶಿ ಯಮಾವುಚಿ ಅದನ್ನು ನೋಡಿಬಿಟ್ಟರು, ಕರೆಸಿದರು. ಕೆಲಸದ ವೇಳೆಯಲ್ಲಿ ಆಟವಾಡಿದ್ದಕ್ಕೆ ಬೈಗುಳ ಗ್ಯಾರಂಟಿ ಎಂದುಕೊಂಡೇ ಹೋದ. ಅಧ್ಯಕ್ಷರು ಅದನ್ನೇ ಮಾರಾಟಕ್ಕೆ ಸಿದ್ಧಮಾಡಲು ಹೇಳಿದರು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಬಂದ ಆ ಆಟಿಕೆ ಸುಮಾರು 12 ಲಕ್ಷ ಮಾರಾಟವಾಯಿತು. ಮೆಂಟೆನೆನ್ಸ್ ಹುಡುಗ ಹೊಸ ಆಟಿಕೆಗಳ ವಿಭಾಗಕ್ಕೆ ಬಂದ.

ಎಲೆಕ್ಟ್ರಾನಿಕ್ಸ್‌ನವರು ಅವನ 1969ರ ಲವ್ ಟೆಸ್ಟರ್ ಬಗ್ಗೆ ಕೇಳಬೇಕು. ಹುಡುಗ-ಹುಡುಗಿ ತಲಾ ಒಂದು ಲೋಹದ ಗುಂಡು ಹಿಡಿದು, ಇನ್ನೊಂದು ಕೈಯನ್ನು ಒಬ್ಬರಿಗೊಬ್ಬರು ಹಿಡಿದುಕೊಳ್ಳಬೇಕು. ಮೀಟರಿನ ಮುಳ್ಳು ಪ್ರೀತಿ ಎಷ್ಟಿದೆ ಎಂದು ತೋರಿಸುತ್ತದೆ. ನಿಜಕ್ಕೂ ಅದು ಅಳೆಯುವುದು ಇಬ್ಬರ ಮೈಯಲ್ಲಿ ಹರಿಯುವ ಸಣ್ಣ ಕರೆಂಟನ್ನು. ಅಂಗೈ ಬೆವರಿದರೆ ಪ್ರೀತಿ ಜಾಸ್ತಿ! ಫಸ್ಟ್ ಇಯರ್ ಲ್ಯಾಬ್‌ನಲ್ಲಿ ನಾವು ಬೇಜಾರಿನಿಂದ ರೀಡಿಂಗ್ ಬರೆದುಕೊಳ್ಳುವ ಮೀಟರ್‌ಗೆ ಇಂಥ ಉಪಯೋಗ ಇದೆ ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಯೊಕೋಯಿಯ ದಾರಿ ಇದೇ. ಹೊಸದಾಗಿ ಬಂದ ದುಬಾರಿ ತಂತ್ರಜ್ಞಾನದ ಹಿಂದೆ ಅವನು ಓಡಲಿಲ್ಲ. ಎಲ್ಲರೂ ಬಳಸಿ ಬಳಸಿ ಅಗ್ಗವಾದ, ಎಲ್ಲಿ ಕೈಕೊಡುತ್ತದೆ ಎಂದು ಚೆನ್ನಾಗಿ ಗೊತ್ತಿರುವ ಹಳೇ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ತಂದು ಕೂರಿಸುತ್ತಿದ್ದ. ಅಂಥ ತಂತ್ರಜ್ಞಾನಕ್ಕೆ ಅವನು ಬಳಸಿದ ಜಪಾನಿ ಪದಕ್ಕೆ ಬಾಡಿದ್ದು, ಒಣಗಿದ್ದು ಎಂಬ ಅರ್ಥವಿದೆ.

ಎಪ್ಪತ್ತರ ದಶಕದ ಕೊನೆ. ಬುಲೆಟ್ ರೈಲಿನಲ್ಲಿ ಒಬ್ಬ ಪ್ರಯಾಣಿಕ ಹೊತ್ತು ಹೋಗದೆ ಕ್ಯಾಲ್ಕುಲೇಟರ್ ಬಟನ್ ಒತ್ತುತ್ತ ಕೂತಿದ್ದನ್ನು ಯೊಕೋಯಿ ನೋಡಿದ. ಜೇಬಲ್ಲಿ ಹಿಡಿಯುವ ಆಟವೊಂದಿದ್ದರೆ ಎಂದು ಹೊಳೆಯಿತು. ಆಮೇಲೊಂದು ದಿನ ಅಧ್ಯಕ್ಷರ ಕಾರಿನ ಡ್ರೈವರ್ ಬಂದಿರಲಿಲ್ಲ. ಕಾರು ವಿದೇಶದ್ದು, ಸ್ಟೀರಿಂಗ್ ಎಡಗಡೆ. ಅಂಥ ಕಾರು ಓಡಿಸಿ ರೂಢಿಯಿದ್ದವನು ಯೊಕೋಯಿ, ಹಾಗಾಗಿ ಅವನೇ ಡ್ರೈವರ್ ಆದ. ದಾರಿಯಲ್ಲಿ ತನ್ನ ಯೋಚನೆ ಹೇಳಿದ. ಅಧ್ಯಕ್ಷರು ಹೂಂಗುಟ್ಟಿದರಷ್ಟೆ. ಆದರೆ ಮರೆಯಲಿಲ್ಲ. ಸ್ವಲ್ಪ ದಿನದಲ್ಲೇ ಕ್ಯಾಲ್ಕುಲೇಟರ್ ಮಾಡುವ ಶಾರ್ಪ್ ಕಂಪನಿಯವರೊಂದಿಗೆ ಮಾತುಕತೆ ಶುರುವಾಯಿತು. ಕ್ಯಾಲ್ಕುಲೇಟರ್ ಕಂಪನಿಗಳ ಬೆಲೆ ಪೈಪೋಟಿಯಲ್ಲಿ ಎಲ್‌ಸಿಡಿ, ಚಿಪ್‌ಗಳೆಲ್ಲ ಆಗಲೇ ಅಗ್ಗವಾಗಿದ್ದವು. ಹೀಗೆ 1980ರಲ್ಲಿ ಗೇಮ್ ಆ್ಯಂಡ್ ವಾಚ್ ಬಂತು. ಅದರಲ್ಲಿ ಒಂದು ಆಟ, ಜೊತೆಗೊಂದು ಗಡಿಯಾರ. ಮುಂದಿನ ಹನ್ನೊಂದು ವರ್ಷದಲ್ಲಿ ಆ ಸರಣಿ 4 ಕೋಟಿಗೂ ಹೆಚ್ಚು ಮಾರಾಟವಾಯಿತು.

1982ರಲ್ಲಿ ಅದೇ ಸರಣಿಯಲ್ಲಿ ಡಾಂಕಿ ಕಾಂಗ್ ಮಾಡುವಾಗ ತೊಂದರೆ ಎದುರಾಯಿತು. ಅದು ಪುಸ್ತಕದಂತೆ ಮಡಚುವ ಯಂತ್ರ. ಜಾಯ್‌ಸ್ಟಿಕ್ ಎದ್ದು ನಿಂತರೆ ಮುಚ್ಚಲಾಗದು. ನಾಲ್ಕು ಬೇರೆ ಬೇರೆ ಬಟನ್ ಇಟ್ಟರೆ ಕೆಳಗೆ ನೋಡದೆ ಒತ್ತಲಾಗದು. ಯೊಕೋಯಿ ನಾಲ್ಕನ್ನೂ ಸೇರಿಸಿ ಪ್ಲಸ್ ಆಕಾರದ ಒಂದೇ ಬಟನ್ ಮಾಡಿದ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ, ಯಾವ ದಿಕ್ಕು ಎಂದು ಹೆಬ್ಬೆರಳಿಗೇ ಗೊತ್ತಾಗುತ್ತದೆ. ನಮ್ಮ ಅಣ್ಣಂದಿರ ಕಾಲದಲ್ಲಿ ಜಾತ್ರೆಯಲ್ಲೂ ಫ್ಯಾನ್ಸಿ ಸ್ಟೋರ್‌ನಲ್ಲೂ ಸಿಗುತ್ತಿದ್ದ ಟಿವಿ ಗೇಮ್ ನೆನಪಿದೆಯಾ? ಹಳದಿ ಕ್ಯಾಸೆಟ್ ಊದಿ ಊದಿ ಹಾಕಿ ಮಾರಿಯೋ ಆಡುತ್ತಿದ್ದದ್ದು? ಅದರ ರಿಮೋಟಿನ ಎಡಗಡೆ ಇದ್ದದ್ದು ಇದೇ ಪ್ಲಸ್. ಹೆಸರು ಗೊತ್ತಿಲ್ಲದೆಯೇ ನಾವೆಲ್ಲ ಯೊಕೋಯಿಯ ಮೇಲೆ ಹೆಬ್ಬೆರಳಿಟ್ಟವರೇ. ಅಂದಹಾಗೆ, ಮಾರಿಯೋ ಸೃಷ್ಟಿಸಿದ ಶಿಗೇರು ಮಿಯಾಮೊಟೊ ಶುರುವಿನಲ್ಲಿ ಕೆಲಸ ಕಲಿತದ್ದೂ ಇವನ ಕೈಕೆಳಗೇ.

ಇನ್ನು ನಮ್ಮ ಅಟ್ಟದ ಗೇಮ್ ಬಾಯ್. 1989ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಇದನ್ನು ಯೊಕೋಯಿ ಒಬ್ಬನೇ ಮಾಡಿದ್ದಲ್ಲ. ಅವನ ತಂಡದ ಸತೋರು ಒಕಾಡ, ಯಂತ್ರಕ್ಕೆ ಇನ್ನೂ ಶಕ್ತಿ ಬೇಕು ಎಂದು ಹಟ ಹಿಡಿದು ವಾದ ಮಾಡಿದ್ದರಿಂದಲೇ ಅದು ಅಷ್ಟು ಕಾಲ ಬಾಳಿತು. ಆದರೂ ನಮ್ಮ ಈಗಿನ ಲೆಕ್ಕದಲ್ಲಿ ಅದು ಬಡಪಾಯಿ. 8 ಬಿಟ್ ಪ್ರೊಸೆಸರ್, 8 ಕಿಲೋಬೈಟ್ ರ‍್ಯಾಮ್, 160 ಅಡ್ಡ 144 ಪಿಕ್ಸೆಲ್, ಪಾಚಿ ಬಣ್ಣದ ನಾಲ್ಕು ಛಾಯೆ. ಸ್ಕ್ರೀನ್ ಹಿಂದೆ ಲೈಟೂ ಇಲ್ಲ. ಅದೇ ವರ್ಷ ಅಟಾರಿ ಕಂಪನಿಯ ಲಿಂಕ್ಸ್, ಮರುವರ್ಷ ಸೆಗಾದ ಗೇಮ್ ಗೇರ್ ಕಲರ್ ಸ್ಕ್ರೀನ್ ಹೊತ್ತು ಬಂದವು. ನೋಡಿದವರಿಗೆಲ್ಲ ಗೇಮ್ ಬಾಯ್ ಕಥೆ ಮುಗಿಯಿತು ಅನ್ನಿಸಿರಬೇಕು. ಆದರೆ ಆ ಕಲರ್ ಯಂತ್ರಗಳು ಆರಾರು ಸೆಲ್ ತಿಂದು ನಾಲ್ಕೈದು ಗಂಟೆಗೆ ಮಲಗಿಬಿಡುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ಓಡುತ್ತಿತ್ತು, ಬೆಲೆಯೂ ಕಡಿಮೆ, ಬಿದ್ದರೂ ಒಡೆಯುತ್ತಿರಲಿಲ್ಲ. ಕೊಲ್ಲಿ ಯುದ್ಧದಲ್ಲಿ ಸುಟ್ಟು ಪ್ಲಾಸ್ಟಿಕ್ ಕರಗಿದ ಒಂದು ಗೇಮ್ ಬಾಯ್ ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ವರ್ಷಗಟ್ಟಲೆ ಟೆಟ್ರಿಸ್ ತೋರಿಸುತ್ತ ಕೂತಿತ್ತು. ಮುಂದೆ ಬಂದ ಗೇಮ್ ಬಾಯ್ ಕಲರ್ ಸೇರಿಸಿದರೆ ಒಟ್ಟು 11.8 ಕೋಟಿಗೂ ಹೆಚ್ಚು ಮಾರಾಟ.

ಇಲ್ಲಿಗೇ ನಿಲ್ಲಿಸಿದರೆ ಇದು ಮೋಟಿವೇಷನ್ ವಿಡಿಯೋ ಆಗಿಬಿಡುತ್ತದೆ. ಯೊಕೋಯಿ ದೊಡ್ಡದಾಗಿ ಸೋತದ್ದನ್ನೂ ಹೇಳಬೇಕು. 1995ರಲ್ಲಿ ಅವನ ವರ್ಚುವಲ್ ಬಾಯ್ ಬಂತು. ಮೇಜಿನ ಮೇಲೆ ನಿಲ್ಲಿಸಿ ಕಣ್ಣಿಟ್ಟು ನೋಡುವ ಮೂರು ಆಯಾಮದ ಆಟ. ಇಲ್ಲೂ ಅವನ ಹಳೇ ಸೂತ್ರವೇ ಇತ್ತು. ಬೇರೆ ಬಣ್ಣದ ಎಲ್‌ಇಡಿ ದುಬಾರಿ, ಕೆಂಪು ಅಗ್ಗ. ಹಾಗಾಗಿ ಇಡೀ ಆಟವೇ ಕಪ್ಪಿನ ಮೇಲೆ ಕೆಂಪು. ಆಡಿದವರಿಗೆ ಕಣ್ಣುನೋವು, ತಲೆನೋವು. ಜೇಬಲ್ಲಿ ಇಟ್ಟುಕೊಳ್ಳಲಾಗದು, ಪಕ್ಕದವನಿಗೆ ತೋರಿಸಿ ಆಡಲೂ ಆಗದು. ಬಂದದ್ದು 22 ಆಟಗಳು ಮಾತ್ರ. ಒಂದು ವರ್ಷ ತುಂಬುವ ಮೊದಲೇ ಕಂಪನಿ ಅದನ್ನು ನಿಲ್ಲಿಸಿತು. ಒಂದು ಸಲ ಗೆದ್ದ ಸೂತ್ರ ಎಲ್ಲ ಕಡೆಯೂ ಗೆಲ್ಲುತ್ತದೆ ಅಂತೇನಿಲ್ಲ. ಗೇಮ್ ಬಾಯ್‌ನಲ್ಲಿ ಬಣ್ಣ ಬಿಟ್ಟದ್ದರಿಂದ ಆಡುವವನಿಗೆ ಸೆಲ್ ಉಳಿಯಿತು. ವರ್ಚುವಲ್ ಬಾಯ್‌ನಲ್ಲಿ ಬಣ್ಣ ಬಿಟ್ಟದ್ದರಿಂದ ಉಳಿದದ್ದು ಕಂಪನಿಯ ಖರ್ಚು. ನನಗೆ ಅನ್ನಿಸಿದ ವ್ಯತ್ಯಾಸ ಇದು.

1996ರ ಆಗಸ್ಟ್‌ನಲ್ಲಿ, 31 ವರ್ಷದ ಬಳಿಕ, ಯೊಕೋಯಿ ನಿಂಟೆಂಡೊ ಬಿಟ್ಟ. ಸೋಲಿನಿಂದಲೇ ಬಿಟ್ಟ ಎಂದು ಜನ ಆಡಿಕೊಂಡರು. ಅವನು ಅದನ್ನು ಒಪ್ಪಲಿಲ್ಲ. ಸುಮ್ಮನೆ ಮನೆಯಲ್ಲಿ ಕೂರಲೂ ಇಲ್ಲ. ಐವತ್ತೈದರ ವಯಸ್ಸಿನಲ್ಲಿ ಕ್ಯೋಟೊದಲ್ಲೇ ಕೋಟೊ ಎಂಬ ಸಣ್ಣ ಕಂಪನಿ ಶುರುಮಾಡಿದ. ಬಂದಾಯ್ ಕಂಪನಿಗಾಗಿ ಇನ್ನೊಂದು ಕೈಯಾಟದ ಯಂತ್ರ ತಯಾರಾಗತೊಡಗಿತು. ಅದು ಮುಗಿಯುವುದನ್ನು ಮಾತ್ರ ನೋಡಲಾಗಲಿಲ್ಲ. 1997ರ ಅಕ್ಟೋಬರ್ 4ರಂದು ಹೊಕುರಿಕು ಎಕ್ಸ್‌ಪ್ರೆಸ್‌ವೇನಲ್ಲಿ ಅವನಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಏನಾಗಿದೆ ಎಂದು ನೋಡಲು ಕೆಳಗಿಳಿದವನಿಗೆ ಹಿಂದಿನಿಂದ ಬಂದ ಕಾರು ಡಿಕ್ಕಿ ಹೊಡೆಯಿತು. ಆಗ ಅವನಿಗೆ 56 ವರ್ಷ. 1999ರಲ್ಲಿ ಆ ಯಂತ್ರ ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ ಬಂತು. ಅದು ಓಡುತ್ತಿದ್ದದ್ದು ಒಂದೇ ಒಂದು ಸೆಲ್‌ನಲ್ಲಿ. ಅದರ ಜೊತೆ ಬಂದ ಒಂದು ಪಜಲ್ ಆಟಕ್ಕೆ ಗುನ್‌ಪೇ ಎಂದೇ ಹೆಸರಿಟ್ಟರು.

ಈಗ ನನ್ನ ಹಾಸ್ಟೆಲ್ ಟ್ರಂಕ್‌ನಲ್ಲಿ ಗೇಮ್ ಬಾಯ್ ಜೊತೆ ಗುಜರಿಯಿಂದ ತಂದ ಎರಡು ಬ್ರಿಕ್ ಗೇಮ್, ಒಂದು ಟಿವಿ ಗೇಮ್ ಇವೆ. ಮೂರೂ ಕೆಟ್ಟಿದ್ದವು, ಎರಡು ರಿಪೇರಿಯಾಗಿವೆ. ಪ್ರಾಜೆಕ್ಟ್‌ಗೆ ನಮ್ಮ ಬ್ಯಾಚ್‌ನವರೆಲ್ಲ ಎಐ ಎನ್ನುತ್ತಿರುವಾಗ ನಾವು ಮೂವರು ಹಳೇ 8051 ಚಿಪ್ ಇಟ್ಟುಕೊಂಡು, ರಾತ್ರಿ ಯಾವಾಗಲೋ ಬರುವ ತ್ರೀ ಫೇಸ್ ಕರೆಂಟಿಗೆ ಕಾಯುವ ಚಿಕ್ಕಪ್ಪನ ತೋಟದ ಪಂಪ್‌ಗೆ ಒಂದು ಸಾಧನ ಮಾಡುತ್ತಿದ್ದೇವೆ. ಕ್ಲಾಸಿನಲ್ಲಿ ನಕ್ಕವರಿದ್ದಾರೆ. ನಗಲಿ. ಇನ್ನೂ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದೂ ನಿಜ.

ಮುಂದಿನ ವಾರ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯವರು ಕ್ಯಾಂಪಸ್‌ಗೆ ಬರುತ್ತಿದ್ದಾರೆ. ಹುದ್ದೆ ಮೆಂಟೆನೆನ್ಸ್ ಟ್ರೈನಿ. ಸಂಬಳ ಕೇಳಿಯೇ ನಮ್ಮ ಕ್ಲಾಸಿನ ಬಹಳಷ್ಟು ಜನ ಹೆಸರು ಕೊಟ್ಟಿಲ್ಲ. ಒಂದು ತಿಂಗಳ ಹಿಂದಾಗಿದ್ದರೆ ನಾನೂ ಕೊಡುತ್ತಿರಲಿಲ್ಲ. ಮೊನ್ನೆ ಅಪ್ಪನಿಗೆ ಫೋನ್ ಮಾಡಿ ಮೂರು ಸಲ ಫೇಲ್ ಆದದ್ದನ್ನೂ ಹೇಳಿದೆ, ಇದಕ್ಕೆ ಹೆಸರು ಕೊಟ್ಟದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟ ಆಯ್ತಾ ಎಂದು ಕೇಳಿದರು.